ಮಾವ ಒಡಪು ಮರೆತ ಸಂಜೆ

ಈಚೆಗೆ ನಮ್ಮ ಕಡೆಯ ಮದುವೆಗಳಲ್ಲಿ ಗಂಡು ಹೆಣ್ಣು ಸುಮ್ಮನೆ ನಡೆದುಕೊಂಡು ಬರುವುದನ್ನು ಬಿಟ್ಟುಬಿಟ್ಟಿದ್ದಾರೆ, ನೀವೂ ನೋಡಿರುತ್ತೀರಿ. ಈಗೆಲ್ಲ ಹೊಗೆಯೊಳಗಿಂದ ಎದ್ದು ಬರುತ್ತಾರೆ. ಹೋದ ವಾರ ಹುಣಸೂರಿನ ಛತ್ರವೊಂದರಲ್ಲಿ ದೂರದ ನಂಟರ ಮದುವೆ. ಧಾರೆ ಮುಗಿದು, ಮದುಮಕ್ಕಳು ಬಟ್ಟೆ ಬದಲಿಸಿ ಆರತಕ್ಷತೆಗೆ ಬರುವ ಹೊತ್ತಿಗೆ ಬಾಗಿಲ ಪಕ್ಕ ಕೂತಿದ್ದವನೊಬ್ಬ ಪೆಟ್ಟಿಗೆಯೊಂದರ ಗುಂಡಿ ಒತ್ತಿದ. ಬುಸ್ಸೆಂದು ಬಿಳಿ ಹೊಗೆ ಎದ್ದಿತು. ಸಕ್ಕರೆ ಸುಟ್ಟು ಅದಕ್ಕೆ ಸೆಂಟು ಹಾಕಿದಂಥ ವಾಸನೆ. ಅಕ್ಕಪಕ್ಕದವರೆಲ್ಲ ಮೊಬೈಲು ಎತ್ತಿ ಹಿಡಿದರು. ನನಗೆ ಮಾತ್ರ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಪಾಪ, ಆ ಮದುಮಕ್ಕಳ ಮೇಲೆ ನನಗೇನೂ ಸಿಟ್ಟಿಲ್ಲ. ನನ್ನ ಸಿಟ್ಟು ನಾಲ್ಕು ವರ್ಷದ ಹಳೆಯದು. ಉಪ್ಪಿನಕಾಯಿಯಂತೆ ಭರಣಿಯಲ್ಲಿಟ್ಟು ಆಗಾಗ ಮುಚ್ಚಳ ತೆಗೆದು ನೋಡುತ್ತಿರುತ್ತೇನೆ, ಕೆಟ್ಟಿಲ್ಲವಲ್ಲ ಎಂದು. ಇಲ್ಲ, ಕೆಟ್ಟಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಇದೇ ವಾಸನೆಯನ್ನು ನಮ್ಮೂರಿಗೆ ಹೊತ್ತು ತಂದದ್ದು ಒಂದು ನೃತ್ಯ ಕಂಪನಿ. ಹೆಸರು ಬೇಡ ಬಿಡಿ. ಬ್ಯಾನರಿನ ಮೇಲೆ ‘ಐದು ಖಂಡ, ಒಂದೇ ಹೆಜ್ಜೆ’ ಎಂದು ಬರೆಸಿದ್ದರು, ಎಣಿಸಿದರೆ ಸಿಕ್ಕಿದ್ದು ಮೂರೇ. ಬ್ರೆಜಿಲ್‌ನವನೊಬ್ಬ, ಸೆನೆಗಲ್‌ನವಳೊಬ್ಬಳು, ಕೊರಿಯಾದವರಿಬ್ಬರು, ಉಳಿದವರು ನಮ್ಮ ದೇಶದ ದೊಡ್ಡ ಊರುಗಳವರು. ಎರಡು ಲಾರಿ ತುಂಬ ಎಲ್‌ಇಡಿ ಪರದೆ, ಲೈಟು, ಕೇಬಲ್ಲು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸುತ್ತಿ ಕೊನೆಗೆ ಹುಣಸೂರಿನಲ್ಲಿ ದೊಡ್ಡ ಪ್ರದರ್ಶನ ಕೊಡುವುದು, ಅದರಲ್ಲಿ ಇಲ್ಲಿಯ ಕಲೆಯೊಂದನ್ನು ಸೇರಿಸಿಕೊಳ್ಳುವುದು ಅವರ ಯೋಜನೆ. ಅದಕ್ಕೆ ಇಂಗ್ಲಿಷೂ ಬರುವ, ಊರಿನ ಜನವೂ ಗೊತ್ತಿರುವ ಒಬ್ಬರು ಬೇಕಿತ್ತು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನನ್ನನ್ನು ಯಾರೋ ತೋರಿಸಿದರು. ನಾನು ಪೂರಿಯಂತೆ ಉಬ್ಬಿಹೋದೆ. ಇಪ್ಪತ್ತು ವರ್ಷದಿಂದ ಇಂಗ್ಲಿಷನ್ನು ಕರಿಹಲಗೆಯ ಮುಂದೆ ಮಾತ್ರ ಆಡುತ್ತಿದ್ದವಳಿಗೆ ಅದನ್ನು ನಿಜವಾದ ಮನುಷ್ಯರ ಜೊತೆ ಆಡುವ ಯೋಗ ಬಂದಿತ್ತು.

ನಾನು ಅವರಿಗೆ ತೋರಿಸಿದ್ದು ನನ್ನ ಸೋದರಮಾವ ಪುಟ್ಟಬಸಪ್ಪನವರನ್ನು. ರಾವಂದೂರಿನ ಹತ್ತಿರ ಅವರದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಮುರಿಯುವ ಕಾಲದಲ್ಲಿ ಅವರ ಕೈ ಹಿಡಿದರೆ ಅಂಟಿಕೊಳ್ಳುತ್ತದೆ, ಸೋಪು ಹಾಕಿದರೂ ಹೋಗದ ಕರಿ ಮೇಣ. ಆದರೆ ಸುತ್ತಲ ಹಳ್ಳಿಗಳಲ್ಲಿ ಅವರಿಗೆ ಹೆಸರಿದ್ದದ್ದು ಸೊಪ್ಪಿನಿಂದಲ್ಲ, ಒಡಪಿನಿಂದ. ವೀರಭದ್ರನ ಕುಣಿತ ಕಂಡವರಿಗೆ ಗೊತ್ತಿದೆ: ಕುಣಿತದ ನಡುವೆ ಕರಡೆ ವಾದ್ಯದ ಬಡಿತ ತಟ್ಟನೆ ನಿಲ್ಲುತ್ತದೆ, ಕಾಲುಗಳು ನಿಲ್ಲುತ್ತವೆ, ಒಬ್ಬ ಮುಂದೆ ಬಂದು ದೇವರ ಕಥೆಯನ್ನು ಎದೆ ಬಿರಿಯುವ ಹಾಗೆ ಹೇಳುತ್ತಾನೆ. ಅದು ಒಡಪು. ಒಂದೊಂದು ತುಂಡಿಗೂ ಅವನು ‘ಅಹಹಾ’ ಎಂದು ದನಿ ಎತ್ತಿದಾಗ ನೆರೆದವರು ‘ಅಹಹಾ ರುದ್ರಾ’ ಎಂದು ದನಿಗೂಡಿಸುತ್ತಾರೆ. ಪೂರಾ ಮುಗಿದ ಮೇಲೆಯೇ ಕರಡೆಗೆ ಪೆಟ್ಟು, ಆಮೇಲೆಯೇ ಹೆಜ್ಜೆ. ನಮ್ಮಮ್ಮ ಹೇಳುತ್ತಿದ್ದಳು, ಮಾವ ಹೊಲದಲ್ಲಿ ಒಡಪು ಒಪ್ಪಿಸಿಕೊಳ್ಳುತ್ತಿದ್ದರೆ ಎತ್ತುಗಳು ಕೂಡ ನಿಂತು ಕೇಳುತ್ತಿದ್ದವಂತೆ. ಎತ್ತುಗಳಿಗೆ ನಿಲ್ಲಲು ಒಂದು ನೆಪ ಬೇಕಿತ್ತು ಎಂಬುದು ನನ್ನ ಅನುಮಾನ. ಇರಲಿ, ದನಿ ಮಾತ್ರ ಅಂಥದ್ದೇ.

ಛತ್ರವೊಂದರಲ್ಲಿ ಹತ್ತು ದಿನ ತಾಲೀಮು ನಡೆಯಿತು. ಮಾವನ ಮಣಿಕಟ್ಟು, ಮೊಣಕಾಲು, ಹಿಮ್ಮಡಿಗೆಲ್ಲ ಪಟ್ಟಿ ಸುತ್ತಿ ಬೆಂಕಿಪೊಟ್ಟಣದಷ್ಟು ಡಬ್ಬಿಗಳನ್ನು ಸಿಕ್ಕಿಸಿದರು. ಅವರು ಹೆಜ್ಜೆ ಹಾಕಿದರೆ ಲ್ಯಾಪ್‌ಟಾಪಿನಲ್ಲಿ ಚುಕ್ಕಿಗಳ ಮನುಷ್ಯನೊಬ್ಬ ಅದೇ ಹೆಜ್ಜೆ ಹಾಕುತ್ತಿದ್ದ. ಮಾವ ಕನ್ನಡಕ ಏರಿಸಿ ಬಗ್ಗಿ ನೋಡಿದರು.

“ಇವ್ನು ಯಾರವ್ವಾ, ಮೂಳೇನೇ ಇಲ್ವಲ್ಲಾ?”

“ಅದು ನೀವೇ ಮಾವ.”

“ನಾನೇ ಆಗಿದ್ರೆ ಇಬೂತಿ ಎಲ್ಲವ್ವಾ?”

ನಾನು ನಕ್ಕು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ, ಅವರೂ ನಕ್ಕರು. ಸುಳ್ಳು ಹೇಳಬಾರದು, ಕುಣಿಯುವವರು ಒಳ್ಳೆಯವರೇ. ಆ ಸೆನೆಗಲ್ ಹುಡುಗಿಯ ಹಿಮ್ಮಡಿ ನಮ್ಮ ಹೆಂಗಸರ ಹಿಮ್ಮಡಿಯಂತೆಯೇ ಒಡೆದಿತ್ತು, ಬೆಳಗಿನಿಂದ ಸಂಜೆವರೆಗೆ ಕಲಿಯುತ್ತಿದ್ದಳು. ಮಾವ ಅವಳಿಗೆ ‘ಮಗಾ’ ಎನ್ನತೊಡಗಿದ್ದರು.

ಎಡವಟ್ಟಾದದ್ದು ನಾಲ್ಕನೆಯ ದಿನ. ಅಂದು ರೆಕಾರ್ಡು ಮಾಡಿಕೊಳ್ಳಲೆಂದು ಇಟ್ಟ ಮೈಕಿನ ಮುಂದೆ ಮಾವ ಒಡಪು ಹೇಳಿದರು. ಬೆವರು ಇಳಿಸಿಕೊಂಡು, ಕಣ್ಣು ಅಗಲಿಸಿ, ಉಸಿರು ಎಳೆದೆಳೆದು ಬಹಳ ಹೊತ್ತು ಹೇಳಿದರು. ಛತ್ರದ ಅಡಿಗೆಯವರು ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. ಮುಗಿದ ಮೇಲೆ ಕಂಪನಿಯ ನಿರ್ದೇಶಕಿ ನನ್ನ ಕಡೆ ತಿರುಗಿ, ಇವರು ಹೇಳಿದ್ದೇನು ಎಂದು ಕೇಳಿದಳು.

ಈಗ ನಿಮಗೆ ನಿಜ ಹೇಳಬೇಕು. ನನಗೆ ಅರ್ಥವಾಗಿರಲಿಲ್ಲ. ದಕ್ಷನ ಯಜ್ಞ, ಶಿವನ ಜಡೆಯಿಂದ ಹುಟ್ಟಿದ ವೀರಭದ್ರ, ಇಷ್ಟು ಗೊತ್ತಿತ್ತು. ಆದರೆ ಆ ಹಳೆಯ ಮಾತುಗಳ ಸಾಲು ಸಾಲು ನನ್ನ ತಲೆಯ ಮೇಲೆ ಹಾದುಹೋಗಿದ್ದವು. ನನ್ನದೇ ಊರಿನ, ನನ್ನದೇ ಮನೆಯ ಮಾತು ನನಗೆ ತಿಳಿಯಲಿಲ್ಲ ಎಂದು ಆ ಐದು ಖಂಡಗಳ ಮುಂದೆ ಹೇಗೆ ಒಪ್ಪಿಕೊಳ್ಳುವುದು? ‘ದೇವರ ಹೊಗಳಿಕೆ, ಮಾಮೂಲಿ, ಅಂಥದ್ದೇನಿಲ್ಲ’ ಎಂದುಬಿಟ್ಟೆ. ಇಂಗ್ಲಿಷಿನಲ್ಲಿ ಅದು ಇನ್ನೂ ಚಿಕ್ಕದಾಗಿತ್ತು.

ನಿರ್ದೇಶಕಿ ತಲೆಯಾಡಿಸಿದಳು. ಹಾಗಾದರೆ ಮಾತು ಬೇಡ, ದನಿಯನ್ನು ಟೆಕ್ಸ್ಚರ್ ಆಗಿ, ಬರೀ ಸದ್ದಾಗಿ ಬಳಸೋಣ, ಭಾಷೆ ಜನರನ್ನು ದೂರ ಮಾಡುತ್ತದೆ, ದೇಹ ಮಾತ್ರ ಎಲ್ಲರಿಗೂ ತಿಳಿಯುತ್ತದೆ ಎಂದಳು. ಯಾವ ಜನರನ್ನು ತಾಯೀ? ಪ್ರದರ್ಶನ ಇದ್ದದ್ದು ಹುಣಸೂರಿನಲ್ಲಿ! ಇದನ್ನು ನಾನು ಆಗ ಕೇಳಲಿಲ್ಲ. ಮನೆಯಲ್ಲಿ ಪಾತ್ರೆ ತಿಕ್ಕುವಾಗ ನೂರಾರು ಸಲ ಕೇಳಿದ್ದೇನೆ.

ಮಾವನಿಗೆ ವಿಷಯ ಮುಟ್ಟಿಸುವ ಕೆಲಸವೂ ನನ್ನದೇ. ವೇದಿಕೆಯ ಹಿಂದೆ ಎತ್ತರದಲ್ಲಿ ನೀವು ಪೂರ್ತಿ ವೇಷದಲ್ಲಿ ನಿಂತಿರಬೇಕು, ಬಾಯಿ ಬಿಡುವ ಹಾಗಿಲ್ಲ, ಒಡಪು ರೆಕಾರ್ಡಿನಲ್ಲಿ ಬರುತ್ತದೆ ಎಂದೆ.

“ಪೂರ್ತಿ ಬತ್ತದಾ?” ಎಂದು ಕೇಳಿದರು.

“ಬರುತ್ತೆ ಮಾವ” ಎಂದೆ. ವಿಚಾರಿಸಿರಲಿಲ್ಲ. ವಿಚಾರಿಸಿದರೆ ಏನು ಉತ್ತರ ಬರುತ್ತದೆಂದು ಗೊತ್ತಿತ್ತು.

ಪ್ರದರ್ಶನದ ಸಂಜೆ ರಾವಂದೂರಿನ ಕಡೆಯವರು ಟೆಂಪೋ ಮಾಡಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತರು. ನಮ್ಮ ಪುಟ್ಟಬಸಪ್ಪ ಫಾರಿನ್ನಿನವರ ಜೊತೆ ಒಡಪು ಹೇಳುತ್ತಾನೆಂದು ಹೆಂಗಸರು ಹೊಸ ಸೀರೆ ಉಟ್ಟಿದ್ದರು. ಹೊಗೆ ಎದ್ದಿತು. ಪರದೆಯ ಮೇಲೆ ಚುಕ್ಕಿಯ ಮನುಷ್ಯ ಮುಗಿಲೆತ್ತರಕ್ಕೆ ಕುಣಿದ. ಹಿಂದೆ ಎತ್ತರದಲ್ಲಿ, ನೀಲಿ ಬೆಳಕಿನಲ್ಲಿ, ಎದೆಗೆ ವೀರಭದ್ರನ ಮೂರ್ತಿಯ ಹಲಗೆ ಕಟ್ಟಿ ಕತ್ತಿ ಹಿಡಿದ ಮಾವ. ಎಲ್ಲ ನಿಂತಿತು. ಸ್ಪೀಕರಿನಿಂದ ಅವರ ದನಿ ಬಂತು: ‘ಅಹಹಾ’.

ನಮ್ಮವರು ರೂಢಿಯಂತೆ ಒಟ್ಟಿಗೆ ‘ಅಹಹಾ ರುದ್ರಾ’ ಎಂದರು. ಮತ್ತೆ ‘ಅಹಹಾ’. ಇವರು ಮತ್ತೆ ದನಿಗೂಡಿಸಿದರು. ಮೂರನೆಯ ಸಲವೂ ಅದೇ ‘ಅಹಹಾ’, ಕೆಳಗೆ ಢಂ ಢಂ ಎಂದು ಯಂತ್ರದ ಸದ್ದು. ಕಥೆ ಬರಲೇ ಇಲ್ಲ. ಅಷ್ಟು ಹೊತ್ತಿನ ಒಡಪಿನಿಂದ ಅವರು ಆರಿಸಿಕೊಂಡದ್ದು ಅದೊಂದೇ ಉದ್ಗಾರ, ಅದನ್ನೇ ಮತ್ತೆ ಮತ್ತೆ ಸುತ್ತಿಸುತ್ತಿದ್ದರು. ಆ ಹೊಗೆಯಲ್ಲಿ, ದನಿ ರೆಕಾರ್ಡಿನದೆಂದು ಕೆಳಗಿದ್ದವರಿಗೆ ಹೇಗೆ ಗೊತ್ತಾಗಬೇಕು? ಜನ ಮುಖ ಮುಖ ನೋಡಿಕೊಂಡರು. ಮಾವನ ತಂಡದಲ್ಲೇ ಕರಡೆ ಬಾರಿಸುವ ಶಿವಣ್ಣ ಎದ್ದು ನಿಂತು ಕೂಗಿದ:

“ಮುಂದಕ್ಕೆ ಏಳ್ಲಾ ಪುಟ್ಬಸಪ್ಪಾ! ನೆಪ್ಪಿಲ್ವೇನ್ಲಾ?”

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಮಾವನ ತುಟಿ ಅಲುಗಿದ್ದನ್ನು ನಾನು ಪಕ್ಕದ ಪರದೆಯ ಮರೆಯಿಂದ ಕಂಡೆ. ಮಾತು ಕೊಟ್ಟಿದ್ದರಲ್ಲ, ಬಾಯಿ ಬಿಡಲಿಲ್ಲ. ಕತ್ತು ತಿರುಗಿಸಿ ನನ್ನನ್ನು ಹುಡುಕಿದರು. ನಾನು ಮೊಬೈಲು ನೋಡುತ್ತಾ ನಿಂತೆ.

ಕಂಪನಿ ಮಾರನೆಯ ದಿನ ಲಾರಿ ತುಂಬಿಕೊಂಡು ಹೋಯಿತು. ಮುಂದಿನ ಕಾರ್ತೀಕಕ್ಕೆ ಮಾವನ ತಂಡದವರು ಒಡಪು ಹೇಳಲು ಬೇರೆಯವರನ್ನು ಗೊತ್ತು ಮಾಡಿದರು. ಜಗಳವಿಲ್ಲ, ಅವಮಾನವಿಲ್ಲ. ‘ವಯಸ್ಸಾಯ್ತು, ನೆಪ್ಪು ಕಮ್ಮಿ ಆಗದೆ, ರೆಸ್ಟ್ ತಗೊಳ್ಳಿ’ ಎಂದು ಬಹಳ ಮರ್ಯಾದೆಯಿಂದ ಹೇಳಿದರಂತೆ. ಐವತ್ತು ವರ್ಷ ಒಂದು ಸಾಲು ತಪ್ಪದವರಿಗೆ ‘ಮರ್ತೋದ ಪುಟ್ಬಸಪ್ಪ’ ಎಂಬ ಹೆಸರು ಬಿತ್ತು.

ನಾನು ಕಂಪನಿಗೆ ಉದ್ದನೆಯ ಇ-ಮೇಲ್ ಬರೆದೆ, ಅಷ್ಟು ಖಾರದ ಇಂಗ್ಲಿಷನ್ನು ಅದಕ್ಕೆ ಮೊದಲು ಬರೆದಿರಲಿಲ್ಲ. ಥ್ಯಾಂಕ್ಸ್ ಹೇಳಿ, ಒಂದು ಹೃದಯದ ಚಿತ್ರ ಹಾಕಿ, ಯಾವುದೋ ದೇಶದ ಪ್ರದರ್ಶನದ ವಿಡಿಯೊ ಕಳಿಸಿದರು. ಅಲ್ಲೂ ಅದೇ ‘ಅಹಹಾ’. ಕೊನೆಯಲ್ಲಿ ಲೈಟಿನವನ ಹೆಸರು, ಹೊಗೆಯವನ ಹೆಸರು, ಕಾಫಿ ತಂದುಕೊಟ್ಟವನ ಹೆಸರು. ಆಮೇಲೆ ‘ದನಿ: ಸಾಂಪ್ರದಾಯಿಕ’. ಯಾರಪ್ಪಾ ಈ ಸಾಂಪ್ರದಾಯಿಕ? ಅವನ ಮನೆ ಯಾವ ಬೀದಿಯಲ್ಲಿದೆ? ಅವನೂ ಸೊಪ್ಪು ಮುರಿಯುತ್ತಾನೋ? ಸಿಕ್ಕಸಿಕ್ಕವರಿಗೆಲ್ಲ ಆ ವಿಡಿಯೊ ತೋರಿಸಿ ನಾಲ್ಕು ವರ್ಷ ಬೈದೆ. ನನ್ನ ಪಾಲು ಎಷ್ಟಿತ್ತೆಂದು ಆ ಇ-ಮೇಲಿನಲ್ಲೂ ಇರಲಿಲ್ಲ, ಬೈಗುಳದಲ್ಲೂ ಇರಲಿಲ್ಲ.

ಹೋದ ವಾರದ ಮದುವೆಗೆ ಮಾವನೂ ಬಂದಿದ್ದರು. ಪಂಕ್ತಿಯಲ್ಲಿ ನನ್ನ ಪಕ್ಕ ಅವರು, ಅವರಾಚೆ ಶಿವಣ್ಣ. ಪಾಯಸ ಬಡಿಸುವವನು ಮಾವನ ಎಲೆಯನ್ನು ದಾಟಿ ಹೋದ. ಶಿವಣ್ಣ ಕರೆದ: “ಲೇ, ಇತ್ಲಾಗ್ ಬಾಲಾ, ಇವ್ನಿಗೆ ಬಡ್ಸು. ಕೇಳೋದ್ನೂ ಮರ್ತಾನು ನಮ್ ಪುಟ್ಬಸಪ್ಪ.” ಸಾಲಿನಲ್ಲಿದ್ದವರು ನಕ್ಕರು. ಮಾವನೂ ನಕ್ಕರು. ಅವರ ಆ ನಗುವನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

“ಮಾವ ಮರ್ತಿರಲಿಲ್ಲ ಶಿವಣ್ಣೋರೆ” ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಯಿತು. “ಒಂದಕ್ಷರಾನೂ ಮರ್ತಿರಲಿಲ್ಲ. ಬಾಯಿ ಬಿಡಬೇಡಿ, ದನಿ ರೆಕಾರ್ಡಿನಲ್ಲಿ ಬರುತ್ತೆ ಅಂತ ಹೇಳಿದ್ದು ನಾನು. ಒಡಪಿನ ಅರ್ಥ ನನಗೆ ಗೊತ್ತಿರಲಿಲ್ಲ, ಅದು ಅಂಥದ್ದೇನಿಲ್ಲ ಅಂತ ಕಂಪನಿಯವರಿಗೆ ಹೇಳಿದವಳೂ ನಾನೇ. ಅದಕ್ಕೇ ಅವರು ಕಥೆ ತೆಗೆದುಹಾಕಿದ್ದು.”

ಶಿವಣ್ಣನ ಕೈ ಎಲೆಯ ಮೇಲೇ ನಿಂತಿತು. ಮಾವ ನಿಧಾನವಾಗಿ ಅನ್ನ ಕಲಸುತ್ತಾ ಹೇಳಿದರು:

“ನಂಗೊತ್ತಿತ್ತು ಕಣವ್ವಾ. ನಾನು ಅಷ್ಟೊತ್ತು ಏಳ್ದೆ, ನೀನು ಆ ಯಮ್ಮಂಗೆ ಒಂದೇ ಮಾತ್ನಲ್ಲಿ ಮುಗಿಸ್ದೆ. ಆಗ್ಲೇ ಗೊತ್ತಾಯ್ತು.”

“ಮತ್ತೆ ಇಷ್ಟು ವರ್ಷ ಯಾಕೆ ಮಾವ ಯಾರಿಗೂ ಹೇಳಲಿಲ್ಲ?”

“ಏನಂತ ಏಳ್ಳಿ? ಓದ್ಕಂಡಿರೋ ನಮ್ಮುಡ್ಗಿಗೆ ನಮ್ಮನೆ ಒಡಪು ಗೊತ್ತಿಲ್ಲ ಅಂತಲಾ? ಅದ್ಕಿಂತ ನಾನೇ ಮರ್ತೆ ಅನ್ನುಸ್ಕೊಳದು ವಾಸಿ ಅನ್ನುಸ್ತು.”

ಪಾಯಸ ತಣ್ಣಗಾಯಿತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಈ ಸಲ ಅದನ್ನು ಹೊರಿಸಲು ಯಾವ ಕಂಪನಿಯೂ ಎದುರಿಗಿರಲಿಲ್ಲ. ಕಂಪನಿಯವರನ್ನು ಬೈದ ಹೊತ್ತಿನಲ್ಲಿ ನೂರರಲ್ಲೊಂದು ಪಾಲನ್ನು ರಾವಂದೂರಿಗೆ ಬಸ್ಸು ಹತ್ತಿ ಹೋಗಲು ಬಳಸಿದ್ದರೆ ಒಡಪಿನ ಅರ್ಥವಾದರೂ ತಿಳಿದಿರುತ್ತಿತ್ತು. ಒಮ್ಮೆಯೂ ಕೇಳಿರಲಿಲ್ಲ. ಕೈ ತೊಳೆಯುವ ಕಡೆ ಮಾವನನ್ನು ನಿಲ್ಲಿಸಿ ಕೇಳಿದೆ, ಭಾನುವಾರ ಬರಲೇ, ಅರ್ಥ ಹೇಳಿಕೊಡುತ್ತೀರಾ ಎಂದು.

ಮಾವ ಟವೆಲ್ಲಿನಿಂದ ಕೈ ಒರೆಸಿಕೊಂಡು ನನ್ನನ್ನು ನೇರವಾಗಿ ನೋಡಿದರು. “ಬಾ. ಆದ್ರೆ ಪೂರ್ತಿ ಕೇಳ್ಬೇಕು. ಅರ್ದಕ್ಕೆ ಎದ್ದೋದ್ರೆ ಇನ್ನೊಂದ್ಸಲ ನಮ್ಮನೆ ಬಾಗ್ಲು ತುಳೀಬ್ಯಾಡ” ಎಂದರು. ದನಿ ಗಡುಸಾಗಿತ್ತು. ನಾಲ್ಕು ವರ್ಷದಲ್ಲಿ ಅವರು ನನ್ನ ಮೇಲೆ ತೋರಿಸಿದ ಮೊದಲ ಸಿಟ್ಟು ಅದು. ಕೇಳಿ ನನಗೆ ಉಸಿರು ಬಂದಂತಾಯಿತು.