ಕೂಲರಿನ ಮುಂದೆ ನನ್ನ ಇಪ್ಪತ್ತನಾಲ್ಕು ಮಧ್ಯಾಹ್ನ

ಮೇ ತಿಂಗಳು ಬಂತೆಂದರೆ ದೆಹಲಿಯ ಮಯೂರ್ ವಿಹಾರ್ ಮಾರುಕಟ್ಟೆಯ ಬದಿಯಲ್ಲಿ ಭಯ್ಯಾ ಒಬ್ಬ ಕೂಲರಿಗೆ ಹಾಕುವ ಹುಲ್ಲಿನ ಚಾಪೆಗಳನ್ನು ರಾಶಿ ಹಾಕಿಕೊಂಡು ಕೂರುತ್ತಾನೆ. ಮೊನ್ನೆ ಅವನು ಆ ರಾಶಿಗೆ ನೀರು ಚಿಮುಕಿಸಿದ. ಒದ್ದೆ ಹುಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ತರಕಾರಿ ಚೀಲ ಹಿಡಿದು ನಿಂತಿದ್ದ ನನ್ನ ಕಣ್ಣೆದುರು ನಮ್ಮ ಹಳೆಯ ಫ್ಲ್ಯಾಟಿನ ಹಾಲ್ ಬಂದು ನಿಂತಿತು. ಒದ್ದೆ ಹುಲ್ಲಿನ ಮೂಲಕ ತಂಪು ಗಾಳಿ ಊದುತ್ತ ಕಿಟಕಿಯಲ್ಲಿ ಗೊರಗೊರ ಎನ್ನುವ ಕೂಲರ್, ನೆಲದ ಮೇಲೆ ಉದ್ದದ ಜಮಖಾನ, ಅದರ ಮೇಲೆ ಸಾಲಾಗಿ ಐದು ದಿಂಬು: ಅಜ್ಜಿ, ಅಮ್ಮ, ಚಿಕ್ಕಪ್ಪ, ಅಕ್ಕ, ನಾನು. ಅಪ್ಪ ಆ ಹೊತ್ತಿಗೆ ಕಚೇರಿಯಲ್ಲಿ ಸರ್ಕಾರದ ಕೂಲರಿನ ಮುಂದಿರುತ್ತಿದ್ದುದರಿಂದ ನಮ್ಮ ಲೆಕ್ಕಕ್ಕೆ ಸೇರುತ್ತಿರಲಿಲ್ಲ.

ಬೇಸಿಗೆ ರಜೆಯಲ್ಲಿ ಊಟವಾದ ಕೂಡಲೇ ಕೂಲರಿನ ಬಾಯಿಗೆ ಹತ್ತಿರದ ಮೊದಲ ಜಾಗಕ್ಕಾಗಿ ನನಗೂ ಅಕ್ಕನಿಗೂ ದಿನಾ ಜಟಾಪಟಿ. ರೋಸಿಹೋದ ಅಜ್ಜಿ ಒಂದು ದಿನ ತೀರ್ಪು ಕೊಟ್ಟರು: “ಎಷ್ಟು ಥರ ಮಲಗಬಹುದೋ ಅಷ್ಟೂ ಥರ ಮಲಗೋಣ. ಒಂದು ಸಲ ಆದ ಸಾಲು ಮತ್ತೆ ಬೇಡ. ಐದು ಜನ ತಾನೇ, ವಾರದಲ್ಲಿ ಮುಗಿಯತ್ತೆ.”

ಚಿಕ್ಕಪ್ಪ ಬಿದ್ದು ಬಿದ್ದು ನಕ್ಕ. ಅಪ್ಪನ ತಮ್ಮನಾದ ಅವನು ಐಎಎಸ್ ಪರೀಕ್ಷೆಗೆಂದು ನಮ್ಮಲ್ಲೇ ಉಳಿದು, ಬೆಳಗಿನ ಹೊತ್ತು ಮುಖರ್ಜಿ ನಗರದ ಕೋಚಿಂಗಿಗೆ ಹೋಗಿಬರುತ್ತಿದ್ದ. ದಿಂಬುಗಳನ್ನು ಎಳೆದುಕೊಂಡು ಪಾಠಕ್ಕೆ ಕೂತ. ಮೊದಲ ಜಾಗಕ್ಕೆ ಐದರಲ್ಲಿ ಯಾವ ದಿಂಬನ್ನಾದರೂ ಇಡಬಹುದು. ಅದನ್ನಿಟ್ಟ ಮೇಲೆ ಎರಡನೆಯ ಜಾಗಕ್ಕೆ ನಾಲ್ಕೇ ಉಳಿಯುತ್ತವೆ, ಆಮೇಲೆ ಮೂರು, ಎರಡು, ಕೊನೆಗೆ ಒಂದು. ಎಲ್ಲವನ್ನೂ ಗುಣಿಸಿದರೆ ಐದರ ಫ್ಯಾಕ್ಟೋರಿಯಲ್, ನೂರ ಇಪ್ಪತ್ತು. “ಅಮ್ಮಾ, ಇದು ಎರಡು ರಜೆಗೂ ಮುಗಿಯಲ್ಲ,” ಎಂದು ಅಜ್ಜಿಗೆ ಹೇಳಿದ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅಜ್ಜಿಗಿರಲಿಲ್ಲ. “ಮೂರು ರಜೆ ಆಗಲಿ,” ಎಂದರು.

ಯಾವ ಸಾಲೂ ತಪ್ಪಿಹೋಗಬಾರದು ಎಂದರೆ ಕ್ರಮ ಬೇಕಂತೆ. ಮೊದಲ ಜಾಗದಲ್ಲಿ ಒಬ್ಬರನ್ನು ಕದಲದಂತೆ ಇಟ್ಟು ಉಳಿದ ನಾಲ್ವರನ್ನು ಅದಲುಬದಲು ಮಾಡಬೇಕು. ಅದಕ್ಕೆ ಇಪ್ಪತ್ತನಾಲ್ಕು ಮಧ್ಯಾಹ್ನ. ಆಮೇಲೆ ಮುಂದಿನವರ ಸರದಿ. ವಯಸ್ಸಿನ ಪ್ರಕಾರ ಮೊದಲು ಅಜ್ಜಿ, ಎಲ್ಲರಿಗಿಂತ ಕೊನೆಗೆ ನಾನು. “ಯೇ ತೋ ಚೀಟಿಂಗ್ ಹೈ, ಚಿಕ್ಕಪ್ಪ!” ಎಂದು ಕಿರುಚಿದೆ. “ಚೀಟಿಂಗ್ ಅಲ್ಲ ಪುಟ್ಟಿ, ಕ್ರಮ. ನಿನ್ನ ಇಪ್ಪತ್ನಾಲ್ಕು ಎಲ್ಲೂ ಓಡಿಹೋಗಲ್ಲ,” ಎಂದ.

ತಣ್ಣನೆಯ ಗಾಳಿ ಸೋಕಿದರೆ ಸೀನುವ ಅಜ್ಜಿ, ದೆಹಲಿಯ ಉರಿಬಿಸಿಲಿನಲ್ಲಿ ಮಫ್ಲರ್ ಸುತ್ತಿ, ಶಾಲು ಹೊದ್ದು, ಕಿವಿಗೆ ಹತ್ತಿ ತುರುಕಿಕೊಂಡು ಕೂಲರಿನ ಬಾಯಲ್ಲಿ ಮಲಗಿದರು. ಜಾಗ ಬದಲಾಯಿಸಿಕೊಳ್ಳೋಣ ಎಂದು ನಾನೆಷ್ಟು ಗೋಗರೆದರೂ ಸೀನುತ್ತಲೇ “ಸಾಲು ಕೆಡತ್ತೆ” ಎನ್ನುತ್ತಿದ್ದರು. ನನಗೆ ಎರಡನೆಯ ಜಾಗ ಬಂದ ದಿನ ಅವರ ಶಾಲು ಹಾರಿ ನನ್ನ ಮುಖ ಮುಚ್ಚುತ್ತಿತ್ತು. ಅಮ್ಮನದಾಯಿತು, ಚಿಕ್ಕಪ್ಪನದಾಯಿತು. ಎರಡನೆಯ ರಜೆ ಮುಗಿಯುವಾಗ ಅಕ್ಕನದೂ ಮುಗಿಯಿತು. ಇನ್ನುಳಿದದ್ದೆಲ್ಲ ನನ್ನದೇ. ಮುಂದಿನ ಬೇಸಿಗೆಗಾಗಿ ನಾನು ಹಾತೊರೆದಷ್ಟು ದೆಹಲಿಯಲ್ಲಿ ಯಾರೂ ಹಾತೊರೆದಿರಲಿಕ್ಕಿಲ್ಲ.

ಆ ಚಳಿಗಾಲ ಚಿಕ್ಕಪ್ಪನ ಕೊನೆಯ ಪ್ರಯತ್ನವೂ ಕೈಕೊಟ್ಟಿತು. ಸಾಮಾನು ಕಟ್ಟಿಕೊಂಡು ತುಮಕೂರಿಗೆ ಹೊರಟ. ಬಾಗಿಲಲ್ಲಿ ಅಡ್ಡ ನಿಂತು “ಮತ್ತೆ ನನ್ನ ಸರದಿ?” ಎಂದೆ. ಎಲ್ಲ ಲೆಕ್ಕಕ್ಕೂ ಉತ್ತರ ಹೇಳುತ್ತಿದ್ದವನು ನನ್ನ ತಲೆ ಸವರಿ ಮೆಟ್ಟಿಲಿಳಿದ.

ಮೂರನೆಯ ರಜೆಯ ಮೊದಲ ಮಧ್ಯಾಹ್ನ ಅಜ್ಜಿ, “ಈಗ ನಾಲ್ಕೇ ಜನ. ಮೊದಲ ಜಾಗ ನೀನೇ ಇಟ್ಕೋ,” ಎಂದರು. ಎರಡು ವರ್ಷ ಕಾದ ಜಾಗದಲ್ಲಿ ಮಲಗಿದೆ. ಗಾಳಿ ಹಿತವಾಗಿ ಬರುತ್ತಿತ್ತು. ನನಗೆ ಅಳು ಬಂತು. ಎದ್ದುಹೋಗಿ ಚಿಕ್ಕಪ್ಪನ ದಿಂಬು ತಂದು ಸಾಲಿನ ಕೊನೆಗಿಟ್ಟೆ. ಅಕ್ಕ ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ಅಜ್ಜಿ ಅದರ ಸುಕ್ಕು ಸರಿಮಾಡಿ, “ನಾಳೆ ಇವನು ನಾಲ್ಕನೆಯವನು, ಮರೀಬೇಡ,” ಎಂದರು. ದಿಂಬನ್ನು ದಿನಾ ಸರಿಸುತ್ತ, ನನ್ನ ಇಪ್ಪತ್ತನಾಲ್ಕನ್ನೂ ಐದು ಜನ ಮಲಗಿಯೇ ಮುಗಿಸಿದೆವು.

ಈಗ ಅಜ್ಜಿ ಇಲ್ಲ, ಚಿಕ್ಕಪ್ಪನೂ ಇಲ್ಲ. ಫ್ಲ್ಯಾಟ್ ಮಾರುವಾಗ ಕೂಲರನ್ನು ಗುಜರಿ ಕೊಳ್ಳುವ ಕಬಾಡಿಯವನು ಹೊತ್ತುಕೊಂಡು ಹೋದ. ನನ್ನ ಕೋಣೆಯ ಎಸಿ ಎಲ್ಲ ಮೂಲೆಗೂ ಒಂದೇ ಸಮ ತಂಪು ಕೊಡುತ್ತದೆ. ಅಲ್ಲಿ ಜಗಳವಾಡಿ ಗಿಟ್ಟಿಸಿಕೊಳ್ಳುವಂಥ ಜಾಗವೇ ಇಲ್ಲ. ಆದರೂ ಮೊನ್ನೆ ಭಯ್ಯಾನಿಂದ ಒಂದು ಹುಲ್ಲಿನ ಚಾಪೆ ಕೊಂಡು ತಂದೆ. ಕಿಟಕಿಗೆ ಒರಗಿಸಿ, ನೀರು ಚಿಮುಕಿಸಿ, ನೆಲದ ಮೇಲೆ ಜಮಖಾನ ಹಾಸಿದೆ. ಕಿಟಕಿಯ ಕಡೆ ನಾಲ್ವರಿಗೆ ಜಾಗ ಬಿಟ್ಟು, ಐದನೆಯವಳಾಗಿ ಗೋಡೆಯ ಬದಿಗೆ ಮಲಗಿದೆ.