ಕಣ್ಣೆದುರಿಗಿದ್ದವಳ ಗೈರುಹಾಜರಿ

ಹುಣಸೂರಿನ ಮೊದಲ ಬೆಳಿಗ್ಗೆ ನಾನು ಕಾಫಿ ಕಾರ್ಖಾನೆಯಲ್ಲಿ ಮೇಸ್ತ್ರಿಯ ಕಣ್ಣೆದುರಿಗೇ ನಿಂತಿದ್ದೆ. ಅವನು ನನ್ನ ಹೆಸರು ಕೂಗಿದನಂತೆ, ನಾನು ಓಗೊಡಲಿಲ್ಲವಂತೆ. ಸಂಜೆಯವರೆಗೂ ಬೆನ್ನು ಬಗ್ಗಿಸಿ ಬೀಜ ಆರಿಸಿ ಏಳುವಾಗ, ನೀನು ಇವತ್ತು ಬಂದೇ ಇಲ್ಲ ಎಂದರು.

ಚಿಕ್ಕಂದಿನಲ್ಲಿ ಜ್ವರ ಬಂದು ನನ್ನ ಕಿವಿ ಹೋಯಿತು. ಅಷ್ಟರಲ್ಲಿ ಓದು ಕಲಿತಿದ್ದೆ, ಮಾತೂ ಉಳಿಯಿತು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಸಾಲಿಗ್ರಾಮದ ನಮ್ಮ ಮನೆಯಲ್ಲಿ ಅಮ್ಮ ನನ್ನನ್ನು ಕರೆಯಲು ನೆಲಕ್ಕೆ ಕಾಲು ಕುಟ್ಟುತ್ತಿದ್ದಳು. ಹಿತ್ತಲಲ್ಲಿದ್ದರೆ ಹುಣಸೆಬೀಜ ಎಸೆಯುತ್ತಿದ್ದಳು. ಅದನ್ನು ಯಾರೂ ಉಪಕಾರ ಎಂದುಕೊಂಡಿರಲಿಲ್ಲ. ಹುಣಸೂರಿನ ಚಿಕ್ಕಮ್ಮ ಕೆಲಸ ಗೊತ್ತುಮಾಡಿದಾಗ, ಲೋಕವೆಲ್ಲ ಹಾಗೇ ಇರುತ್ತದೆಂದು ನಂಬಿ ಬಸ್ಸು ಹತ್ತಿದೆ.

ಇದು ಹೊಳೆಯಿಲ್ಲದ ಊರಂತೂ ಅಲ್ಲ, ಲಕ್ಷ್ಮಣತೀರ್ಥ ಹತ್ತಿರವೇ ಇದೆ. ಆದರೆ ಕಾವೇರಿಯ ದಂಡೆಯಲ್ಲಿ ಬೆಳೆದವಳಿಗೆ ಅದು ಕಾಲುವೆಯ ಹಾಗೆ ಕಾಣುತ್ತದೆ. ಚಿಕ್ಕಮ್ಮನ ಒಂದೇ ಕೋಣೆಯ ಮನೆಗೆ ಪಕ್ಕದ ಮರದ ಅಡ್ಡೆಯ ಹೊಟ್ಟು ಹಾರಿ ಬರುತ್ತದೆ. ಕಾರ್ಖಾನೆಯಲ್ಲಿ ಅರ್ಧ ಜನ ಮಲೆಯಾಳದ ಮಾತಿನವರು. ಆ ತುಟಿಗಳು ನನಗೆ ಅರ್ಥವೇ ಆಗುತ್ತಿರಲಿಲ್ಲ. ಆದರೂ ಮೊದಲು ಗೆಳತಿಯಾದವಳು ವಯನಾಡಿನ ಕುಂಜಮ್ಮ. ಕನ್ನಡ ಸಾಲದಿದ್ದಾಗ ಅವಳು ಕೈಸನ್ನೆ ಮಾಡುತ್ತಿದ್ದಳು, ನನಗೆ ಅದೇ ಸಲೀಸು. ನನಗಿಂತ ದೊಡ್ಡವಳು, ಅವರ ಮಾತಿನಲ್ಲಿ ಅಕ್ಕನಿಗೆ ಚೇಚಿ, ಹಾಗೇ ಕರೆಯುತ್ತೇನೆ. ನನ್ನ ಮುದ್ದೆಗೆ ಅವಳ ಕಪ್ಪ, ಎಂದರೆ ಬೇಯಿಸಿದ ಮರಗೆಣಸು, ಜೊತೆಯಾಯಿತು.

ಮೇಸ್ತ್ರಿ ತಲೆ ಬಗ್ಗಿಸಿಕೊಂಡೇ ಹೆಸರು ಕೂಗುವವನು. ಮೀಸೆ ಬೇರೆ ತುಟಿಯ ಮೇಲೆ ಇಳಿದಿತ್ತು. ಕೇಳಿಸುವುದಿಲ್ಲ, ಒಂದು ಸಲ ನೋಡಿದರೆ ಸಾಕು, ಕೈ ಎತ್ತುತ್ತೇನೆ ಎಂದೆ.

"ರೂಲು ಎಲ್ರಿಗೂ ಒಂದೇ ಕಣಮ್ಮ. ಕೂಗ್ದಾಗ ಬಂದೆ ಅನ್ಬೇಕು. ಇನ್ನೂ ಇಂಗೇ ಆದ್ರೆ ಎಸ್ರು ಒಡ್ದಾಕ್ತೀನಿ."

ನನ್ನ ಸರದಿ ಬಂದಾಗ ಚೇಚಿ ಬೆನ್ನು ಮುಟ್ಟತೊಡಗಿದಳು. ಅದೂ ಅವನ ಕಣ್ಣಿಗೆ ಬಿತ್ತು. ಒಬ್ಬರ ಹಾಜರಿಯಲ್ಲಿ ಇನ್ನೊಬ್ಬರು ಕೈಯಾಡಿಸಬಾರದೆಂದು ಅವಳನ್ನು ದೂರದ ಸಾಲಿಗೆ ಕಳಿಸಿದ. ಮುಟ್ಟಿದ್ದನ್ನು ನೋಡಲು ತಲೆ ಎತ್ತಿದವನಿಗೆ ನನ್ನನ್ನು ನೋಡಲು ಏನು ಕಷ್ಟವಾಗಿತ್ತೋ. ಮೈಯೆಲ್ಲ ಉರಿಯಿತು. ಊರಿಗೆ ಹೊರಟುಬಿಡುತ್ತೇನೆ ಎಂದು ಗಂಟು ಕಟ್ಟಿದೆ.

ಸಂಜೆ ಮನೆಗೆ ಬಂದ ಚೇಚಿ ಗಂಟು ಕಿತ್ತುಕೊಂಡಳು. "ನಾಳೆ ಯಾರೂ ಬಾಯಿ ಬಿಡೋದು ಬೇಡ. ಎಲ್ಲರೂ ಕೈ ಎತ್ತುವ. ಅವನು ನೋಡಲಿ."

ಚೇಚಿ ಎಲ್ಲರಿಗೂ ಹೇಳಿಟ್ಟಿದ್ದಳು, ಮರುದಿನ ನನಗೆ ಕಂಡವರೆಲ್ಲರ ತುಟಿಯೂ ಮುಚ್ಚಿತ್ತು. ಹಿಂದಿನ ಸಾಲಿನಲ್ಲಿ ಇಬ್ಬರು ಹೆದರಿ ಬಂದೆ ಎಂದರಂತೆ. ಅವರನ್ನು ನಾನು ದೂರುವುದಿಲ್ಲ. ಉಳಿದವರು ಹೆಸರು ಬಂದಾಗ ಕೈ ಎತ್ತಿ ನಿಂತರು. ಮೇಸ್ತ್ರಿ ತಲೆ ಬಗ್ಗಿಸಿಕೊಂಡು ಸಾಲುಸಾಲಾಗಿ ಗೈರು ಹಾಕಿದ. ಲಾರಿಗೆ ಮೂಟೆ ತುಂಬಿಸಲು ಕಾದಿದ್ದ ಮ್ಯಾನೇಜರು ಓಡಿ ಬಂದು ನಮ್ಮನ್ನು ನೋಡಿದರು, ಪುಸ್ತಕ ನೋಡಿದರು, ಮತ್ತೆ ನಮ್ಮನ್ನು ನೋಡಿದರು.

ಅವತ್ತಿನಿಂದ ನನಗೆ ಮುಂದಿನ ಸಾಲು, ಕೈ ಎತ್ತಿದರೆ ಹಾಜರಿ. ಚೇಚಿಯೂ ನನ್ನ ಪಕ್ಕಕ್ಕೆ ಬಂದಳು. ಮೇಸ್ತ್ರಿ ಮುಖ ಎತ್ತಿ ನಿಧಾನವಾಗಿ ಹೇಳಿದ: "ಸಾಹೇಬ್ರು ದೊಡ್ ಮನಸ್ಸು ಮಾಡವ್ರೆ. ನೆಪ್ಪಿಟ್ಕೊ."

ಎದುರಿಗಿರುವ ಮನುಷ್ಯಳನ್ನು ಕಣ್ಣೆತ್ತಿ ನೋಡಲು ದೊಡ್ಡ ಮನಸ್ಸೇಕೆ ಬೇಕು? ಆ ಸಿಟ್ಟು ಇನ್ನೂ ಆರಿಲ್ಲ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಅಮ್ಮ ಕಾಲು ಕುಟ್ಟಿ ಕರೆದಾಗ ಜೀವ ತಣ್ಣಗಾಯಿತು. ಊಟಕ್ಕೆ ಕೂತಾಗ ಅಣ್ಣ, ಅತ್ತಿಗೆ ನನ್ನ ಮದುವೆಯ ಮಾತು ತೆಗೆದರು. ನನ್ನ ಹೆಸರು ಅವರ ತುಟಿಯ ಮೇಲೆ ಕಂಡಿತು, ಆಮೇಲೆ ಇಬ್ಬರೂ ಅತ್ತ ತಿರುಗಿದರು. ಏನೆಂದು ಕೇಳಿದೆ.

"ಏನಿಲ್ಲ ಬುಡು," ಎಂದ ಅಣ್ಣ.

ಈ ಮಾತನ್ನು ನಾನು ಇಷ್ಟು ವರ್ಷ ಅದೇ ಮನೆಯಲ್ಲಿ ನುಂಗಿಕೊಂಡು ಬಂದಿದ್ದೆ. ಅವತ್ತು ಗಂಟಲಲ್ಲಿ ಇಳಿಯಲಿಲ್ಲ. ಹುಣಸೂರಿನಲ್ಲಿ ಮಾಡುವಂತೆ ಎಡಗೈಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದೆ.

ಅಣ್ಣ ನೋಡಿದ. ಸಾರು ಬೇಕೇನೋ ಎಂದುಕೊಂಡು ನನ್ನ ತಟ್ಟೆಗೆ ಒಂದು ಸೌಟು ಬಡಿಸಿದ.