ಎಲೆಯ ಬೆನ್ನು ನೋಡುತ್ತಿದ್ದ ಸುಮಿತ್ರಾ ಆಂಟಿ

ಸುಮಿತ್ರಾ ಆಂಟಿಯ ಬಲಗೈ ಹೆಬ್ಬೆರಳಿನ ಉಗುರು ಸ್ವಚ್ಛವಾಗಿದ್ದುದನ್ನು ನಾನು ಒಮ್ಮೆಯೂ ಕಂಡಿಲ್ಲ. ಅದರ ಅಂಚಿನಲ್ಲಿ ಸದಾ ಒಂದು ಹಸಿರು ಗೆರೆ. ಎಲೆಯ ಹಿಂಬದಿಯಲ್ಲಿ ಹುಳ ಕಂಡರೆ ಸಾಕು, ಎತ್ತಿ ಆ ಉಗುರಿನ ಮೇಲಿಟ್ಟು, ಇನ್ನೊಂದು ಹೆಬ್ಬೆರಳಿನ ಉಗುರಿನಿಂದ ತಲೆಯ ಹೇನು ಕುಕ್ಕುವಂತೆ ಚಟ್ಟನೆ ಕುಕ್ಕುತ್ತಿದ್ದರು. ಆಮೇಲೆ ಕಾರ್ಡಿಗನ್ನಿನ ತೋಳಿಗೆ ಕೈ ಒರೆಸಿಕೊಂಡು, ಅದೇ ಕೈಯಲ್ಲಿ ಚಪಾತಿ ಹಿಟ್ಟು ನಾದುತ್ತಿದ್ದರು. ನೋಡುತ್ತ ಕೂತ ನಾನು ಊಟಕ್ಕೆ ನಿಲ್ಲದಿರಲು ನೆಪ ಹುಡುಕುತ್ತಿದ್ದೆ.

ನನ್ನ ಸ್ವಭಾವವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನಾನು ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಔಷಧ ತಯಾರಾಗುವ ಕಡೆ ತಪಾಸಣೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಒಂದು ಸೀಸೆಯಲ್ಲಿ ಕೂದಲೆಳೆಯಷ್ಟು ಏನಾದರೂ ತೇಲಿದರೆ ಇಡೀ ಬ್ಯಾಚನ್ನು ತಡೆಯುವುದು ನನ್ನ ಕೆಲಸ. ಮದುವೆಗೆ ಮುಂಚೆ ಮೈಸೂರಿನಲ್ಲೇ ನನ್ನನ್ನು ಮನೆಯವರೆಲ್ಲ ಮಡಿ ಹೆಂಗಸು ಎಂದು ರೇಗಿಸುತ್ತಿದ್ದರು. ಈ ಕೆಲಸ ಸಿಕ್ಕ ಮೇಲೆ ಹೇಸಿಗೆಪಡುವುದಕ್ಕೇ ಸಂಬಳ ಸಿಗತೊಡಗಿತು. ಇಂಥವಳಿಗೆ ಎರಡು ಮನೆ ಆಚೆ ಇಂಥ ಆಂಟಿ.

ಅವರು ಧಾರವಾಡದವರು. ಗಂಡ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಾಗಿದ್ದು ನಿವೃತ್ತರಾದವರು. ನಮಗೆಲ್ಲ ಡಾಕ್ಟರ್ ಅಂಕಲ್. ಆದರೆ ಆ ಮನೆಯ ಬಾಗಿಲು ತಟ್ಟುವ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ಆಂಟಿ. ಊರಿನ ಆಚೆ ತುದಿಯ ಸಾಲ್ಫರ್ಡ್‌ನ ಫ್ಲ್ಯಾಟಿನವರು ಟ್ರಾಮಿನಲ್ಲಿ ಮಡಿಲ ಮೇಲೆ ಕರಿಬೇವಿನ ಕುಂಡ ಇಟ್ಟುಕೊಂಡು ಬರುತ್ತಿದ್ದರು. ಕರಿಬೇವು, ಮಲ್ಲಿಗೆ, ದೊಡ್ಡಪತ್ರೆ, ಈ ಇಂಗ್ಲಿಷರ ದೇಶದ ಮಂಕು ಬಿಸಿಲಿಗೆ ಮುನಿಸಿಕೊಂಡ ಗಿಡ ಯಾವುದಿದ್ದರೂ ಅವರ ಮನೆಗೆ ಅಂಟಿದ ಗಾಜಿನ ಕೋಣೆಗೆ, ಅಂದರೆ ಕನ್ಸರ್ವೇಟರಿಗೆ, ದಾಖಲಾಗುತ್ತಿತ್ತು. ಆಂಟಿ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಮೊದಲು ಎಲೆಯನ್ನು ಮಗುಚುತ್ತಿದ್ದರು.

“ಎಲೀ ಮಾರಿ ನೋಡಿ ಏನ ತಿಳೀತದ? ಬೆನ್ನ ನೋಡಬೇಕು ಬೆನ್ನ. ರೋಗ ಎಲ್ಲಾ ಬೆನ್ನಾಗ ಇರ್ತದ,” ಎನ್ನುತ್ತಿದ್ದರು.

ಕಾಯಿಲೆ ನೂರು ಥರ ಇದ್ದರೂ ಅವರ ಔಷಧ ಒಂದೇ: ಹುಳಿ ಮಜ್ಜಿಗೆ. ಅದೂ ಮಾಮೂಲಿ ಮಜ್ಜಿಗೆಯಲ್ಲ. ಹಾಲಿನ ದೊಡ್ಡ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ ಬಾಯ್ಲರ್ ಪಕ್ಕ ವಾರಗಟ್ಟಲೆ ಇಟ್ಟದ್ದು. ಕ್ಯಾನು ಉಬ್ಬಿ ಬಸುರಿಯಂತಾಗಿರುತ್ತಿತ್ತು. ಮುಚ್ಚಳ ತಿರುಗಿಸಿದರೆ ಬುಸ್ಸೆಂದು ಒಂದು ವಾಸನೆ ಏಳುತ್ತಿತ್ತು. ಹಸಿಗೂಸು ಕಕ್ಕಿದ ಬಟ್ಟೆಯನ್ನು ಬಿಸಿಲಿಗೆ ಮರೆತಂಥ ವಾಸನೆ. ಅದನ್ನು ಹಳೆಯ ಚಹಾ ಸೋಸುವ ಬಟ್ಟೆಯಲ್ಲಿ ಸೋಸಿ ಸ್ಪ್ರೇ ಬಾಟಲಿಗೆ ತುಂಬಿ ಹೊಡೆಯುತ್ತಿದ್ದರು. ಆ ಬಟ್ಟೆ ಮತ್ತೆ ಚಹಾಕ್ಕೂ ಬರುತ್ತಿತ್ತೆಂದು ನನಗೆ ಇವತ್ತಿಗೂ ಗುಮಾನಿ. ಆದರೆ ಸುಳ್ಳು ಹೇಳಬಾರದು, ನನ್ನ ಕರಿಬೇವು ಆ ಗಬ್ಬಿನಲ್ಲೇ ಚಿಗುರಿತು.

ಆಂಟಿಗೆ ನನ್ನನ್ನು ಕಂಡರೆ ತಮಾಷೆ. “ನಮ್ಮ ರೇಖಾ ಬಂದ್ಲು, ಇನ್ನ ಲೋಟಾ ಎರಡ ಸಲ ತೊಳೀಬೇಕು,” ಎಂದು ನಗುತ್ತಿದ್ದರು. ನಾನು ನಾಚಿಕೆ ಬಿಟ್ಟು ಆ ಲೋಟವನ್ನು ಮೂರನೆಯ ಸಲ ನಾನೇ ತೊಳೆದುಕೊಳ್ಳುತ್ತಿದ್ದೆ. ಇಷ್ಟಾದರೂ ವಾರಕ್ಕೊಮ್ಮೆ ಹೋಗದೆ ಇರುತ್ತಿರಲಿಲ್ಲ. ಹುಷಾರಿಲ್ಲದಾಗ ಕೇಳದೆಯೇ ಗಂಜಿ ತಂದುಕೊಡುವವರು ಆ ರಸ್ತೆಯಲ್ಲಿ ಇನ್ಯಾರಿದ್ದರು?

ಡಾಕ್ಟರ್ ಅಂಕಲ್‌ಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದದ್ದು ಒಂದು ವಸಂತದಲ್ಲಿ. ಚಿಕಿತ್ಸೆ ಶುರುವಾದ ಮೇಲೆ ಅವರಿಗೆ ಅನ್ನ ಕಂಡರೆ ಆಗುತ್ತಿರಲಿಲ್ಲ. ಒಗ್ಗರಣೆಯ ವಾಸನೆಗೇ ಬಕೆಟ್ ಹುಡುಕುತ್ತಿದ್ದರು. ಆಸ್ಪತ್ರೆಯವರು ವಾಂತಿಗೆಂದು ಕೊಟ್ಟ ಮಾತ್ರೆಗಳನ್ನು ಎರಡು ಸಲ ಬದಲಾಯಿಸಿದ್ದೂ ಆಗಿತ್ತು. ಎತ್ತರದ ಆಳು ನೋಡನೋಡುತ್ತ ಪ್ಯಾಂಟಿನೊಳಗೆ ಕಾಣೆಯಾಗತೊಡಗಿದರು. ಲೀಡ್ಸ್‌ನಲ್ಲಿರುವ ಮಗಳು ಶನಿವಾರ ಶನಿವಾರ ಬಂದು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು, ಅಡುಗೆಮನೆಯಲ್ಲಿ ಅತ್ತು ಹೋಗುತ್ತಿದ್ದಳು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಆಂಟಿ ಫೋನು ಮಾಡಿದರು. “ನೀ ಸೂಕ್ಷ್ಮ ಕೆಲಸಾ ಮಾಡಾಕಿ. ಬಂದು ಒಂದ ಗಿಡಾ ನೋಡು. ಯಾರ ಮುಂದೂ ಹೇಳಬ್ಯಾಡ.”

ಅವರು ಇನ್ನೊಬ್ಬರಿಗೆ ಗಿಡ ತೋರಿಸುವುದೆಂದರೆ ಡಾಕ್ಟರೇ ರೋಗಿಯಾದಂತೆ. ಹೋದೆ. ಕನ್ಸರ್ವೇಟರಿಯ ಮೂಲೆಯಲ್ಲಿ ಹಳೆಯ ಇಳಕಲ್ ಸೀರೆಯೊಂದನ್ನು ಪರದೆಯಾಗಿ ಕಟ್ಟಿದ್ದರು. ಸರಿಸಿದರೆ ಮೂರು ಕುಂಡ, ಎದೆಯೆತ್ತರದ ಮೂರು ಗಾಂಜಾ ಗಿಡ, ತುದಿಯಲ್ಲೆಲ್ಲ ದಪ್ಪ ದಪ್ಪ ಹೂಗೊಂಚಲು. ಅಬ್ಬ, ಆ ವಾಸನೆ! ಫಾಲೋಫೀಲ್ಡ್‌ನಲ್ಲಿ ಬಸ್ಸಿಗೆ ಕಾಯುವಾಗ ಹುಡುಗರ ಕೋಟಿನಿಂದ ಬರುವ ಆ ಘಾಟಿಗೆ ಆಂಟಿಯ ಮಜ್ಜಿಗೆಯ ಹುಳಿ ಸೇರಿಕೊಂಡಿತ್ತು. ಮೂಗಿಗೆ ದುಪಟ್ಟಾ ಒತ್ತಿಕೊಂಡೆ.

“ಆಂಟಿ, ಏನಿದು? ಪೊಲೀಸರು ಬಂದ್ರೆ?”

“ಬಂದ್ರ ಬರ್ಲಿ. ಹಿಂದಿನ ಮನಿ ಮುದುಕಿ ಸಸಿ ಕೊಟ್ಲು, ಆಕೀ ಗಂಡಗೂ ಹಿಂಗ ಆಗಿತ್ತಂತ. ಬ್ಯಾಸಿಗ್ಯಾಗ ಆಕೀನ ಒಂದೀಟು ಒಣಗಿದ್ದು ಕೊಟ್ಟಿದ್ಲು. ತುಪ್ಪದಾಗ ಹಾಕಿ ಕೊಟ್ಟೆ ನೋಡು, ಎರಡ ಚಪಾತಿ ತಿಂದ್ರು. ಎರಡ! ಅದು ತೀರೇದ. ಇದ ಈಗ ನನಗ ದೇವರು.” ಆಮೇಲೆ ಸ್ವರ ಇಳಿಸಿ, “ಎಲಿ ಹಳದಿ ಆಗ್ಲಿಕ್ಕೆ ಹತ್ಯಾವ. ಮಜ್ಜಿಗಿ ಹೊಡದೆ. ಇನ್ನೂ ಹೆಚ್ಚಾತು,” ಎಂದರು.

ಕಾನೂನಿನ ಮಾತು ನನ್ನ ಬಾಯಲ್ಲೇ ಉಳಿಯಿತು. ಎಲೆ ಮಗುಚಿದೆ. ಬುಡದ ಎಲೆಗಳ ಹಳದಿಗೆ ಹೆದರಬೇಕಿರಲಿಲ್ಲ. ಹೂ ಬಲಿಯುವಾಗ ಹಳೆಯ ಎಲೆ ಹಣ್ಣಾಗುವುದು ಎಷ್ಟೋ ಗಿಡಗಳಲ್ಲಿ ಇದ್ದದ್ದೇ. ಎಲೆಯ ಮೇಲಿನ ಬಿಳಿ ಕಲೆಗಳನ್ನು ಬೆರಳಿನಿಂದ ಉಜ್ಜಿದರೆ ಹಕ್ಕಳೆಯಾಗಿ ಉದುರಿದವು, ಬರೀ ಒಣಗಿದ ಮಜ್ಜಿಗೆ. ಸಮಾಧಾನದ ಉಸಿರು ಬಿಡುವಷ್ಟರಲ್ಲಿ ನಡುವಿನ ಗಿಡದ ಒಂದು ಗೊಂಚಲಿನಿಂದ ಹೊರಗೆ ಚಾಚಿದ್ದ ಪುಟ್ಟ ಎಲೆಯೊಂದು ಕಣ್ಣಿಗೆ ಬಿತ್ತು. ಸುತ್ತಲಿನದೆಲ್ಲ ಹಸಿರು, ಅದೊಂದೇ ಕಂದಾಗಿ ಒಣಗಿದೆ. ಮೆಲ್ಲಗೆ ಎಳೆದೆ. ತಡೆಯೇ ಇಲ್ಲದೆ, ಬೆಣ್ಣೆಯಿಂದ ಕೂದಲು ಬಂದಂತೆ, ಬುಡಸಮೇತ ಕೈಗೆ ಬಂತು. ಗೊಂಚಲನ್ನು ಬಿಡಿಸಿದೆ. ಒಳಗೆ ಕೊಳೆತು ಕಪ್ಪಾದ ದಂಟು, ಅದರ ಸುತ್ತ ಇಲಿಯ ಮೈಯಂಥ ಬೂದು ತುಪ್ಪಳ. ಉಸಿರು ತಾಗಿದ್ದೇ ತಡ ಅದರಿಂದ ಹೊಗೆಯಂತೆ ಏನೋ ಎದ್ದಿತು. ಗೊಂಚಲನ್ನು ಕೈಬಿಟ್ಟು ಹಿಂದೆ ಸರಿದೆ.

“ಬೂಸಲು ಆಂಟಿ. ಎಲೆಗೆ ಏನೂ ಆಗಿಲ್ಲ, ಹೂವಿನ ಒಳಗೆ ಕೊಳೆತಿದೆ. ಈ ತೇವದಲ್ಲಿ ನೀವು ಹೂವಿನ ಮೇಲೆ ಮಜ್ಜಿಗೆ ಬೇರೆ ಹೊಡೆದಿದ್ದೀರಿ!”

ಅವರ ಮುಖ ಇಳಿಯಿತು. ಹೂಬಿಟ್ಟ ಗೊಂಚಲಿನೊಳಗೆ ಹನಿ ನಿಂತರೆ ಒಣಗುವುದಿಲ್ಲ ಎಂಬುದು ಎಲೆಯ ಬೆನ್ನು ಬಿಟ್ಟರೆ ಬೇರೆ ನೋಡದ ಅವರ ವೈದ್ಯಕ್ಕೆ ಹೊಳೆದಿರಲಿಲ್ಲ. ಅಂಕಲ್‌ಗೆ ರೋಗನಿರೋಧಕ ಶಕ್ತಿಯೇ ಇಲ್ಲ, ಆಸ್ಪತ್ರೆಯವರು ಹಸಿ ಸೊಪ್ಪನ್ನೂ ಬೇಡವೆಂದಿದ್ದಾರೆ, ಈ ಬೂಸಲು ಪುಪ್ಪುಸಕ್ಕೆ ಹೋದರೆ ಕ್ಯಾನ್ಸರಿಗಿಂತ ಮುಂಚೆ ಇದೇ ಅವರನ್ನು ಒಯ್ಯುತ್ತದೆ ಎಂದು ಬಿಡಿಸಿ ಹೇಳಿದೆ. ಮೂರೂ ಗಿಡ ಕಿತ್ತು ಎಸೆಯಲೇಬೇಕು ಎಂದೆ.

“ಆತು, ಒಗೀತೀನಿ,” ಎಂದರು. ನಾನು ನಂಬಿದೆ.

ಹತ್ತು ದಿನಗಳ ಮೇಲೆ ಅವರ ಡಬ್ಬಿ ಹಿಂದಿರುಗಿಸಲು ಹೋದಾಗ ಅಡುಗೆಮನೆಯ ರೇಡಿಯೇಟರ್ ಮೇಲೆ ಒಂದು ಸ್ಟೀಲ್ ತಟ್ಟೆ. ಅದರಲ್ಲಿ ಹರಡಿದ ಒಣ ಹೂವು. ಕೊಳೆತ ಕಡೆಯನ್ನು ಚಾಕುವಿನಿಂದ ನೀಟಾಗಿ ಕೆತ್ತಿ ತೆಗೆದಿದ್ದರು. ಒಲೆಯ ಮೇಲೆ ಸಣ್ಣ ಪಾತ್ರೆಯಲ್ಲಿ ಹಸಿರು ತಿರುಗಿದ ತುಪ್ಪ.

“ಆಂಟಿ, ಎಸೀತೀನಿ ಅಂದಿದ್ರಿ!”

“ಯಾಕ ಒದರ್ತಿ? ಹೊಲಸ ಎಲ್ಲಾ ತಗದೀನಿ. ಬದನಿಕಾಯಿಗೆ ಹುಳಾ ಹತ್ತಿದ್ರ ನಿಮ್ಮವ್ವ ಏನ ಮಾಡ್ತಿದ್ಲು? ಹುಳಾ ಇದ್ದಷ್ಟು ಕೊಯ್ದು ಒಗದು, ಉಳದದ್ದು ಪಲ್ಯಾ ಮಾಡ್ತಿದ್ದಿಲ್ಲೇನು?”

ಮಾಡುತ್ತಿದ್ದಳು. ನಾವೆಲ್ಲ ತಿಂದೇ ಬೆಳೆದದ್ದು. ಆದರೆ ಬೂಸಲಿನ ಬೇರು ಕಣ್ಣಿಗೆ ಕಾಣುವಲ್ಲಿಗೆ ನಿಲ್ಲುವುದಿಲ್ಲ ಎಂದು ಗಂಟಲು ಕಿತ್ತುಕೊಂಡೆ. ಕಾಯಿಸಿದರೆ ಸತ್ತು ಹೋಗ್ತದ ಎಂದು ಅವರು. ಸತ್ತರೂ ಅದರ ವಿಷ ಹೋಗುತ್ತದೆಂದು ಯಾರು ಖಾತ್ರಿ ಕೊಟ್ಟರು ಎಂದು ನಾನು. ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದರೆ ಒದ್ದೆಯಾದ ಚಾಪೆಯ ಮುಗ್ಗಲು ವಾಸನೆ. ಇದನ್ನು ಒಬ್ಬ ಮನುಷ್ಯನ ಬಾಯಿಗೆ ಹಾಕುತ್ತಾರಲ್ಲ! ಅವರನ್ನು ತಳ್ಳಿಕೊಂಡೇ ಹೋಗಿ ತಟ್ಟೆಯನ್ನು ಕಸದ ಬುಟ್ಟಿಗೆ ಸುರಿದೆ. ತುಪ್ಪವನ್ನೂ ಸುರಿದೆ. ಮತ್ತೆ ಆರಿಸಿ ತೆಗೆದಾರೆಂದು ಮೇಲೆ ಪಾತ್ರೆ ತೊಳೆಯುವ ಸಾಬೂನಿನ ನೀರು ಹುಯ್ದೆ. ಆಂಟಿ ತಡೆಯಲಿಲ್ಲ. ಗೋಡೆಗೆ ಆತು ನಿಂತು ಬುಟ್ಟಿಯನ್ನೇ ನೋಡುತ್ತಿದ್ದರು.

ಆಗ ಒಳಗಿನ ಕೋಣೆಯಿಂದ ಅಂಕಲ್ ದನಿ ಕೇಳಿತು. “ಸುಮೀ, ತುಪ್ಪದ ವಾಸನಿ ಬಂತಲ್ಲ. ಇವತ್ತರ ಆ ಚಪಾತಿ ಕೊಡ್ತೀಯೇನು? ಹಸಿವಿ ಅಂದ್ರ ಹೆಂಗಿರ್ತದ ಅನ್ನೋದ ಮರ್ತೀನಿ ನೋಡು.”

ನಾನು ಸಿಂಕಿನ ನಲ್ಲಿ ತಿರುಗಿಸಿದೆ. ಕೈ ತೊಳೆದುಕೊಂಡು ಹಿಂಬಾಗಿಲಿನಿಂದ ಮನೆಗೆ ಬಂದೆ.

ಆಮೇಲೆ ಆಸ್ಪತ್ರೆಯವರು ಮತ್ತೊಂದು ಹೊಸ ಮಾತ್ರೆ ಕೊಟ್ಟರು, ಕೊಳವೆಯಲ್ಲಿ ಆಹಾರ ಕೊಟ್ಟರು. ಹಿಂದಿನ ಮನೆಯ ಮುದುಕಿ ಆ ಹೊತ್ತಿಗೆ ವೃದ್ಧಾಶ್ರಮ ಸೇರಿದ್ದಳು. ಹೊಸ ಗಿಡ ಹೂಬಿಡುವಷ್ಟು ಸಮಯ ಅಂಕಲ್ ಹತ್ತಿರ ಇರಲಿಲ್ಲ. ಡಿಸೆಂಬರಿನಲ್ಲಿ ತೀರಿಕೊಂಡರು.

ಮನೆ ಖಾಲಿ ಮಾಡಿ ಆಂಟಿ ಲೀಡ್ಸ್‌ಗೆ ಹೊರಟ ದಿನ ನಾನು ಸಹಾಯಕ್ಕೆಂದು ಹೋದೆ. ಮಗಳು ಕಾರಿಗೆ ಸಾಮಾನು ತುಂಬುತ್ತಿದ್ದಳು. ಬರಿದಾದ ಅಡುಗೆಮನೆಯಲ್ಲಿ ನಾವಿಬ್ಬರೇ. ಕೇಳದೆ ಇರಲಾಗಲಿಲ್ಲ.

“ನನ್ನ ಮೇಲೆ ಸಿಟ್ಟಿದೆಯಾ ಆಂಟಿ?”

“ಯಾಕವಾ ಸಿಟ್ಟು? ನೀ ಹೇಳಿದ್ದು ಖರೇನ ಇತ್ತು. ಕಡೀ ತನಕಾ ಆಸ್ಪತ್ರಿ ಡಾಕ್ಟರು ಎಕ್ಸ್‌ರೇ ನೋಡಿ ಪುಪ್ಪುಸ ಛಲೋ ಅದ ಅಂತಿದ್ರು.” ಬರಿದಾದ ಒಲೆಯನ್ನು ಒರೆಸುತ್ತ, “ಹಸದು ಹೋದ್ರು, ಅಷ್ಟ,” ಎಂದರು.

ಅದರಲ್ಲಿ ಕೊಂಕಿರಲಿಲ್ಲ. ನನ್ನ ಕೆನ್ನೆ ತಟ್ಟಿ ಕಾರು ಹತ್ತಿದರು. ಅಂಥ ತಟ್ಟೆ ನಾಳೆ ಮತ್ತೆ ಕಣ್ಣಿಗೆ ಬಿದ್ದರೆ ನಾನು ಮತ್ತೆ ಸುರಿಯುವವಳೇ, ಕೈ ತಡೆಯುವುದಿಲ್ಲ. ಆದರೆ ಅಂಕಲ್ ಅಷ್ಟು ಆಸೆಯಿಂದ ಕೂಗಿ ಕೇಳಿದಾಗ ಒಳಗೆ ಹೋಗಿ ಒಂದು ಮಾತು ಹೇಳದೆ, ಸಿಂಕಿನ ಮುಂದೆ ನಿಂತು ಸಾಬೂನು ಹಚ್ಚಿ ಹಚ್ಚಿ ಕೈ ತೊಳೆಯುತ್ತಿದ್ದೆನಲ್ಲ, ಅದನ್ನು ನೆನೆದರೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ.